ಬೀಗದ ಮನೆಯ ಬಾಡಿಗೆ

ಬಾಡಿಗೆ ಉಳಿಸಿಕೊಂಡು ಹೇಳದೆ ಕೇಳದೆ ಹೋದವರ ಮನೆಯ ಬೀಗ ಒಡೆಸುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಕೂಲಿಯವರಿಗೆ, ಕಾರ್ಖಾನೆಗೆ ಹೋಗುವವರಿಗೆ ಅಂತ ಒಂದು ಟ್ರಸ್ಟಿನವರು ನಂಜನಗೂಡಿನಲ್ಲೂ ತಿ. ನರಸೀಪುರದಲ್ಲೂ ಕಡಿಮೆ ಬಾಡಿಗೆಯ ಸಾಲುಮನೆಗಳನ್ನು ಕಟ್ಟಿಸಿದ್ದರು. ಎರಡೂ ಕಡೆಯ ಉಸ್ತುವಾರಿ ನನ್ನದು. ನಾನಿರುವುದು ನಂಜನಗೂಡಿನಲ್ಲಿ, ವಾರಕ್ಕೊಮ್ಮೆ, ಕೆಲವು ಸಲ ಎರಡು ಸಲ, ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ಬರುತ್ತಿದ್ದೆ.

ಬೀಗ ಒಡೆಯುವುದಕ್ಕೂ ಒಂದು ಕ್ರಮವಿತ್ತು. ಆಗ ನಮ್ಮಲ್ಲಿ ತಿಂಗಳು ಮುಗಿದ ಮೇಲೆ ಬಾಡಿಗೆ. ಇದ್ದ ತಿಂಗಳಿನದನ್ನು ಮುಂದಿನ ತಿಂಗಳು ಕೊಟ್ಟರಾಯಿತು. ಕೊಡದಿದ್ದರೂ ಒಂದು ತಿಂಗಳು ನಾವು ಸುಮ್ಮನಿರಬೇಕು. ಆಮೇಲೆ ಒಂದು ನೋಟಿಸು, ಸ್ವಲ್ಪ ಬಿಟ್ಟು ಇನ್ನೊಂದು, ಮೂರನೆಯದನ್ನು ಬಾಗಿಲಿಗೆ ಅಂಟಿಸುವುದು. ಅದಕ್ಕೂ ಯಾರೂ ಬರದಿದ್ದರೆ ಅಕ್ಕಪಕ್ಕದ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಬೀಗ ಒಡೆದು, ಒಳಗಿರುವ ಸಾಮಾನು ಬರೆದುಕೊಂಡು ಮಹಜರು ಮಾಡುವುದು. ಬಡವರು, ಕಾಲಾವಕಾಶ ಸಿಗಲಿ ಅಂತ ದಯೆಯಿಂದ ಮಾಡಿದ್ದ ನಿಯಮ ಅದು.

ಹಾಗಾಗಿ ನಾವು ಒಳಗೆ ಕಾಲಿಡುವ ಹೊತ್ತಿಗೆ ಆ ಮನೆಗಳಲ್ಲಿ ತಿಂಗಳುಗಟ್ಟಲೆ ಯಾರೂ ಉಸಿರಾಡಿರುತ್ತಿರಲಿಲ್ಲ. ಒಂದು ಮನೆಯಲ್ಲಿ ಫೋನಿನ ಚಾರ್ಜರು ಗೋಡೆಯಲ್ಲೇ ಇತ್ತು, ಅದರ ಸಣ್ಣ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಇನ್ನೊಂದರಲ್ಲಿ ಹಗ್ಗದ ಮೇಲಿದ್ದ ಮಗುವಿನ ಸ್ಕೂಲ್ ಯೂನಿಫಾರ್ಮು ಹಲಗೆಯ ಹಾಗೆ ಸೆಟೆದುಕೊಂಡಿತ್ತು. ನಂಜನಗೂಡಿನ ಒಂದು ಮನೆಯಲ್ಲಿ, ಬೋಗುಣಿಯಲ್ಲಿ ನೆನೆಹಾಕಿದ್ದ ಹೆಸರುಕಾಳು ಮೊಳೆತು, ಕಿಟಕಿ ಸಂದಿಯ ಬೆಳಕಿನ ಕಡೆಗೆ ಬಾಗಿ ಗೇಣುದ್ದ ಬೆಳೆದು, ಬಿಳಿಚಿಕೊಂಡು ನಿಂತಲ್ಲೇ ಒಣಗಿತ್ತು. ಸಾಕ್ಷಿಗೆ ಬಂದಿದ್ದ ಪಕ್ಕದ ಮನೆಯಾತ ಅದನ್ನು ನೋಡಿದವನೇ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. "ತಿನ್ನಾನ ಅಂತ ನೆನೆಯಾಕಿದ್ರು ಮೇಡಂ," ಅಂದ. ಸಹಿ ಹಾಕಿಸಿಕೊಳ್ಳಲು ಅವನನ್ನು ಬಹಳ ಹೊತ್ತು ಪುಸಲಾಯಿಸಬೇಕಾಯಿತು.

ಟ್ರಸ್ಟಿನ ಕಾರ್ಯದರ್ಶಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಹೀಗೆ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿರುವುದನ್ನು ನೋಡಿ, ಇನ್ನು ಮೇಲೆ ಬಾಡಿಗೆಯನ್ನು ಮುಂಚಿತವಾಗಿ ತೆಗೆದುಕೊಳ್ಳಬೇಕು, ತಿಂಗಳ ಮೊದಲ ವಾರದಲ್ಲೇ ಆ ತಿಂಗಳಿನದು ಬಂದುಬಿಡಬೇಕು ಅಂತ ಅವರು ತೀರ್ಮಾನ ಮಾಡಿದರು. ನನಗೆ ಅದು ಸರಿ ಕಾಣಲಿಲ್ಲ.

"ದುಡಿದ ಮೇಲೆ ತಾನೆ ಸಾರ್ ಅವರ ಕೈಗೆ ದುಡ್ಡು ಬರೋದು?" ಅಂದೆ.

"ಬಸ್ಸಿಂದ ಇಳಿದ ಮೇಲೆ ಟಿಕೆಟ್ ತಗೋತೀಯೇನಮ್ಮ?" ಅಂದರು ಅವರು.

ಒಪ್ಪದಿದ್ದರೂ ಹೇಳಿದ್ದನ್ನು ಮಾಡಲು ಹೊರಟೆ. ಜನಕ್ಕೆ ಹೇಳಲು ಹೋದಾಗ ಇನ್ನೊಂದು ಗೊಂದಲ. ಅಡ್ವಾನ್ಸ್ ಅಂದರೆ ನಮ್ಮ ಕಡೆ ಮನೆ ಸೇರುವಾಗ ಕೊಟ್ಟು, ಬಿಡುವಾಗ ವಾಪಸು ಪಡೆಯುವ ಹಣ. "ಅಡ್ವಾನ್ಸ್ ಕೊಟ್ಟಿವಲ್ಲ, ಇನ್ನೊಂದ್ಸಲ ಯಾಕೆ?" ಅಂತ ಎಲ್ಲರೂ ಕೇಳುವವರೇ. ಮುಂಬಾಡಿಗೆ ಅನ್ನುವ ಮಾತನ್ನು ಹುಟ್ಟಿಸಿಕೊಂಡು, ಅದು ಜಾರಿಗೆ ಬರುವ ಮುಂಚೆ ಮನೆಮನೆಗೆ ಬಿಡಿಸಿ ಹೇಳುತ್ತಾ ತಿರುಗುತ್ತಿದ್ದೆ. ಬೀಗದ ಮನೆಯ ಮಾತು ನನ್ನ ಕಿವಿಗೆ ಬಿದ್ದದ್ದು ಆಗಲೇ.

ನರಸೀಪುರದ ಕಾಲೋನಿಯ ಕೊನೆಯ ಸಾಲಿನಲ್ಲಿ, ನದಿಯ ಕಡೆಗೆ ಮುಖ ಮಾಡಿದ ಮನೆ ಅದು. ಅಲ್ಲಿದ್ದವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಒಬ್ಬಂಟಿ ಹೆಂಗಸು. ವಯಸ್ಸು ಮೂವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಾರ್ಖಾನೆಯ ವ್ಯಾನು ನರಸೀಪುರಕ್ಕೆ ಬರುವುದು ನಿಂತಾಗ ಅವಳ ಕೆಲಸವೂ ನಿಂತಿತು. ಸ್ವಲ್ಪ ದಿನ ಕಂಡಳು, ಆಮೇಲೆ ಮುಂಬಾಗಿಲಿಗೆ ಬೀಗ ಬಿತ್ತು. ತಲಕಾಡಿನ ಹತ್ತಿರ ಅಣ್ಣನ ಮನೆಗೆ ಹೋದಳು ಅಂತ ಪಕ್ಕದ ಮನೆಯ ಹೂವಿನಮ್ಮ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಮೊಳ ಹಾಕಿ ಹೂವು ಮಾರುವ, ಕಾಲೋನಿಯಲ್ಲೆಲ್ಲ ಹಿರಿಯರಾದ ಹೆಂಗಸು ಅವರು. ನಾನು ಮೊದಲನೇ ನೋಟಿಸು ಬಾಗಿಲ ಸಂದಿಯಿಂದ ತೂರಿಸಿ ಬಂದೆ. ಎರಡನೆಯದನ್ನೂ.

ಮೂರನೆಯದನ್ನು ಅಂಟಿಸಲು ಹೋದ ದಿನ ಕಾಲೋನಿಯ ಕಾವಲುಗಾರ ಗೋಂದಿನ ಡಬ್ಬಿ ಹಿಡಿದುಕೊಂಡು ದೂರದಲ್ಲೇ ನಿಂತ.

"ಯಾಕಪ್ಪ?"

"ನೀವೇ ಅಂಟಿಸಿ ಮೇಡಮ್ಮೋರೆ. ಆ ಮನೆ ಸರಿಯಿಲ್ಲ."

ಅವನ ಬಾಯಿಂದ ಹೊರಟ ಕತೆ ಹೀಗಿತ್ತು. ಆಕೆ ಅಣ್ಣನ ಮನೆಗೆ ಹೋಗಲೇ ಇಲ್ಲ, ಸಂಗಮದಲ್ಲಿ ಬಿದ್ದಳು. ಯಾರೋ ಅವಳ ಸೀರೆ ನೋಡಿದ್ದಾರೆ. ಈಗ ಮನೆಯ ಒಳಗೆ ಸುಳಿದಾಡುತ್ತಾಳೆ. ಗೋಡೆಗೆ ಕಿವಿ ಇಟ್ಟರೆ ನೆಲದ ಮೇಲೆ ಬಟ್ಟೆ ಎಳೆದ ಸದ್ದು ಕೇಳುತ್ತದೆ. ಸಂಜೆ ಹೊತ್ತು ಒಗ್ಗರಣೆಯ ವಾಸನೆ ಬರುತ್ತದೆ.

"ಒಗ್ಗರಣೆ ವಾಸನೆ ಎಲ್ಲಾ ಮನೆಯಿಂದಲೂ ಬರುತ್ತೆ," ಅಂದೆ.

"ಬತ್ತದೆ. ಎಲ್ಲಾರ್ದೂ ನಿಂತ್ ಮ್ಯಾಲೂ ಅಲ್ಲಿಂದ ಒಸಿ ಒತ್ತು ಬತ್ತದೆ."

ಹೊಸ್ತಿಲಿನ ಮುಂದೆ ಯಾರೋ ಅರಿಶಿನದ ನೀರು ಚೆಲ್ಲಿದ್ದರು. ಚಿಲಕಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಮೆಟ್ಟಿಲ ಮೇಲೆ ಒಂದು ಮಣ್ಣಿನ ಹಣತೆ, ಅದರಲ್ಲಿ ಕರಕಾದ ಬತ್ತಿ. ನಾನು ನೋಟಿಸು ಅಂಟಿಸಿದೆ. ಅಂಟಿಸುವಾಗ ಅಂಗೈಯನ್ನು ಬಾಗಿಲ ಮೇಲೆ ಒತ್ತಿ ಹಿಡಿಯಬೇಕಲ್ಲ, ಆಗ ಆ ಹಲಗೆಯ ಆಚೆ ಬದಿಯಲ್ಲಿ ಯಾರೋ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಬೇಗ ಕೈ ತೆಗೆದೆ. ಬಿಸಿಲು ಚೆನ್ನಾಗಿತ್ತು, ಆಚೆ ಸಾಲಿನಲ್ಲಿ ಯಾರದೋ ಕುಕ್ಕರು ಕೂಗುತ್ತಿತ್ತು.

ಬೀಗ ಒಡೆಯುವ ದಿನ ನಿಗದಿಯಾಯಿತು. ಸಾಕ್ಷಿಗೆ ಯಾರೂ ಒಪ್ಪಲಿಲ್ಲ. ಕಾರ್ಯದರ್ಶಿಗೆ ಹೇಳಿದರೆ, "ಒಂದು ಪೂಜೆ ಮಾಡಿಸಿ ಖರ್ಚು ಹಾಕಮ್ಮ. ಮನೆ ಖಾಲಿ ಬೀಳಬಾರದು ಅಷ್ಟೆ," ಅಂದರು.

ಅದರ ಹಿಂದಿನ ದಿನ ನಾನೊಬ್ಬಳೇ ನರಸೀಪುರಕ್ಕೆ ಹೋದೆ. ಮಹಜರಿಗೆ ಮೊದಲು ನೀರಿನ ಮೀಟರು ಓದಿಕೊಳ್ಳಬೇಕಿತ್ತು. ಮಟಮಟ ಮಧ್ಯಾಹ್ನ. ದುಡಿಯುವವರೆಲ್ಲ ದುಡಿಯಲು ಹೋಗಿದ್ದರು, ಕಾಲೋನಿಯಲ್ಲಿ ನಾಯಿಯ ಸದ್ದೂ ಇರಲಿಲ್ಲ. ಮೊದಲು ಮನೆಯ ಹಿಂದಕ್ಕೆ ಹೋದೆ. ಸಾಲಿನ ಹಿಂದೆ ಪ್ರತಿ ಮನೆಗೂ ಒಂದು ಪುಟ್ಟ ಹಿತ್ತಲು, ಸೊಂಟದೆತ್ತರದ ಗೋಡೆ, ಬಚ್ಚಲ ನೀರು ಹರಿಯುವ ಚರಂಡಿ. ಬೇರೆ ಮನೆಗಳ ಚರಂಡಿಯಲ್ಲಿ ಅನ್ನದ ಅಗುಳು, ಸೋಪಿನ ನೊರೆ. ಬೀಗದ ಮನೆಯ ಚರಂಡಿಯ ಬಾಯಲ್ಲಿ ಬಣ್ಣಬಣ್ಣದ ರೇಷ್ಮೆ ನೂಲಿನ ತುಣುಕುಗಳು ಅಂಟಿಕೊಂಡಿದ್ದವು. ಹಸಿರು, ಕೆಂಪು, ಕನಕಾಂಬರದ ಬಣ್ಣ. ಬಗ್ಗಿ ಒಂದನ್ನು ಎತ್ತಿಕೊಂಡೆ. ಅದು ಒದ್ದೆಯಾಗಿತ್ತು.

ಮುಂದಕ್ಕೆ ಬಂದು ಮೀಟರಿನ ಮುಚ್ಚಳ ತೆಗೆದೆ. ಗಾಜಿನ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿ, ಅಂಕಿ ಬರೆದುಕೊಂಡು ಏಳಬೇಕು, ಒಳಗಿದ್ದ ಸಣ್ಣ ಚಕ್ರ ಅಲುಗಿತು. ಕಣ್ಣಿನ ಭ್ರಮೆ ಅಂದುಕೊಂಡೆ. ಮತ್ತೆ ಅಲುಗಿತು. ಆಮೇಲೆ ನಿಲ್ಲದೆ, ತೀರಾ ನಿಧಾನವಾಗಿ, ಸುತ್ತಲು ಶುರುವಾಯಿತು. ನಲ್ಲಿ ಪೂರ್ತಿ ತಿರುಗಿಸಿದರೆ ಆ ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ. ಇದು ಹಾಗಲ್ಲ. ಸದ್ದಾಗಬಾರದು ಅಂತ ನೂಲಿನಷ್ಟು ಸಣ್ಣಗೆ ನೀರು ಬಿಟ್ಟುಕೊಳ್ಳುವವರ ನಲ್ಲಿ. ಪೈಪಿನ ಮೇಲೆ ಕೈ ಇಟ್ಟೆ, ತಣ್ಣಗೆ ನಡುಗುತ್ತಿತ್ತು. ನನ್ನ ಬಳೆ ಪೈಪಿಗೆ ತಾಗಿ ಟಿಣ್ ಅಂದಿತು. ಚಕ್ರ ತಟ್ಟನೆ ನಿಂತಿತು.

ದೆವ್ವಕ್ಕೆ ನೀರು ಬೇಕಾಗುವುದಿಲ್ಲ ಅಂತ ಬುದ್ಧಿ ಹೇಳುತ್ತಿತ್ತು, ಆದರೂ ಮೀಟರಿನ ಪಕ್ಕದಲ್ಲೇ ಕೂತಿದ್ದೆ. ಸತ್ತವಳು ಅಂತ ಒಂದು ಕಾಲೋನಿಯೇ ದೀಪ ಹಚ್ಚಿದ ಹೆಂಗಸು ಈ ಗೋಡೆಯ ಆಚೆ, ನನ್ನಿಂದ ಒಂದು ಮಾರು ದೂರದಲ್ಲಿ, ಚೊಂಬು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ದೆವ್ವವಿದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ.

ಬೇಕಾಗಿದ್ದರೆ ನಾನು ಆಗಲೇ ಕಾವಲುಗಾರನನ್ನು ಕರೆದು ಬಾಗಿಲು ತೆಗೆಸಬಹುದಿತ್ತು. ಬೀಗ ಒಡೆದು, ಎಲ್ಲರ ಮುಂದೆ ಅವಳನ್ನು ಬೆಳಕಿಗೆ ಎಳೆದುಕೊಂಡು ಬರುವುದು. ಅದನ್ನು ಮನಸ್ಸಿನಲ್ಲಿ ಕಂಡೆ, ಬೇಡ ಅನ್ನಿಸಿತು. ಮೆಟ್ಟಿಲ ಮೇಲೆ ಕೂತು ಬಾಗಿಲಿಗೆ ಹೇಳಿದೆ.

"ನೋಡವ್ವ, ನಾನು ಬಾಡಿಗೆ ಮೇಡಂ. ಒಬ್ಬಳೇ ಬಂದಿದ್ದೀನಿ. ನಾಳೆ ಈ ಬೀಗ ಒಡೀತಾರೆ, ಜನ ಸೇರ್ತಾರೆ. ಈಗ ನಾನು ಪಕ್ಕದ ಹೂವಿನಮ್ಮನ ಮನೆಗೆ ಹೋಗಿ ಕೂತಿರ್ತೀನಿ. ಹಿತ್ತಲ ಗೋಡೆ ಗಿಡ್ಡ ಇದೆ."

ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಹೂವಿನಮ್ಮ ಬಾಗಿಲು ತೆಗೆದು ನನ್ನ ಮುಖ ನೋಡಿದವರೇ, ಏನೂ ಕೇಳದೆ ಕಾಫಿಗೆ ಇಟ್ಟರು. ಮೂರು ಲೋಟ ತೆಗೆದರು. ಅಲ್ಲಿಗೆ ನನಗೆ ಗೊತ್ತಾಯಿತು.

ಬಹಳ ಹೊತ್ತಿನ ಮೇಲೆ ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಬೂದಿ ಬಳಿದ ಹಾಗೆ ಬಿಳಿಚಿದ ಮುಖ. ಬೆಳಕಿಗೆ ಕಣ್ಣು ಚಿಕ್ಕದು ಮಾಡಿಕೊಂಡು ಗೋಡೆ ಹಿಡಿದು ನಿಂತಳು. ಕಾಲ್ಬೆರಳ ತುದಿಯ ಮೇಲೆ ನಡೆದು ಬಂದು ಮೂಲೆಯಲ್ಲಿ ಕೂತಳು. ನಾನು ಹೆಸರು ಹಿಡಿದು ಕರೆದೆ. ಅವಳು ಹೂವಿನಮ್ಮನನ್ನು ನೋಡಿದಳೇ ಹೊರತು ಓಗೊಡಲಿಲ್ಲ.

"ನಿನ್ನೇ ಕಣವ್ವ ಕರೀತಾ ಇರಾದು," ಅಂದರು ಹೂವಿನಮ್ಮ.

"ಗೊತ್ತಾಯ್ತದೆ," ಅಂದಳು. ದನಿಯೇ ಇಲ್ಲದ, ಬರೀ ಗಾಳಿಯ ಮಾತು. "ಯಾರಾರ ಎಸ್ರಿಡಿದು ಕೂಗಿದ್ರೆ ಓ ಅನ್ನಾಂಗಿರ್ನಿಲ್ಲ. ಆಮ್ಯಾಕೆ ಅದು ನನ್ನೆಸ್ರೇ ಅಲ್ವೇನೋ ಅನ್ಸೋದು."

ಅವಳು ನಿಜವಾಗಿಯೂ ಅಣ್ಣನ ಮನೆಗೆ ಹೋಗಿದ್ದಳು. "ಒಸಿ ದಿನ ಚೆನ್ನಾಗೇ ನೋಡ್ಕೊಂಡ್ರು. ಒಂದಿನ ನಾನು ಕೇಳ್ದೆ ಇದ್ರೂ ಅತ್ತಿಗೆ ಬಸ್ ಟೈಮು ಏಳಿದ್ಲು." ಸಂಜೆಗತ್ತಲಿಗೆ ನರಸೀಪುರದಲ್ಲಿ ಇಳಿದಳು. ಮುಂಬಾಗಿಲ ಬೀಗ ತೆಗೆದರೆ ಬಂದಳು ಅಂತ ಗೊತ್ತಾಗುತ್ತದೆ, ಗೊತ್ತಾದರೆ ಬಾಕಿ ಕೇಳುತ್ತಾರೆ. ಹಿತ್ತಲ ಗೋಡೆ ಹತ್ತಿ ಹಿಂಬಾಗಿಲಿಂದ ಒಳಗೆ ಹೋದಳು. ಅದನ್ನು ಕಂಡವರು ಹೂವಿನಮ್ಮ ಒಬ್ಬರೇ. ಅಂಗಡಿಯಿಂದ ಸೀರೆ ತಂದುಕೊಡುತ್ತಿದ್ದವರೂ ಅವರೇ. ಸೆರಗಿಗೆ ಕುಚ್ಚು ಕಟ್ಟುವುದಕ್ಕೆ ಮಿಷನ್ನು ಬೇಡ, ಸದ್ದಿಲ್ಲದ ಕೆಲಸ. ಕಿಟಕಿ ಸಂದಿಯ ಬೆಳಕು ಎಲ್ಲಿ ಬಿದ್ದರೆ ಅಲ್ಲಿಗೆ ಸರಿದು ಸರಿದು ಕೂತು ಕಟ್ಟುತ್ತಿದ್ದಳು. ನೆಲದ ಮೇಲೆ ಎಳೆದಂತೆ ಕೇಳುತ್ತಿದ್ದದ್ದು ಆ ಸೀರೆಗಳ ಸದ್ದು. ಎಲ್ಲರದೂ ನಿಂತ ಮೇಲೆ ಬರುತ್ತಿದ್ದ ಒಗ್ಗರಣೆಯ ವಾಸನೆ, ಹೂವಿನಮ್ಮ ತಡವಾಗಿ ಮಾಡಿ ಅವಳಿಗೆ ಕೊಡುತ್ತಿದ್ದ ಅಡಿಗೆಯದು.

"ಬಾಕಿ ಜೋಡಿಸ್ಕಂಡು ಮುಂಬಾಗ್ಲು ತಗ್ಯಾನ ಅಂತಿದ್ದೆ," ಅಂದಳು. "ನಾನು ಜೋಡಿಸ್ದಂಗೆ ಅದೂ ಬೆಳೀತಿತ್ತು."

"ಮೊದಲನೇ ತಿಂಗಳೇ ನನಗೆ ಯಾಕೆ ಹೇಳಲಿಲ್ಲ?"

"ಮೊದುಲ್ನೇ ತಿಂಗ್ಳು ಯಾರೂ ಕೇಳ್ನೇ ಇಲ್ವಲ್ಲ ಅಕ್ಕ. ನೀವು ಬಂದಿದ್ರೆ ಏಳ್ತಿದ್ದೆ. ಬಾಗ್ಲು ನೋಡ್ಕಂಡೇ ಕೂತಿದ್ದೆ. ಎರಡ್ನೇ ತಿಂಗ್ಳು ನೀವು ಚೀಟಿ ತೂರ್ಸಿದ್ರಿ. ಅಷ್ಟೊತ್ಗೆ ಬಾಯಿ ಕಟ್ಟೋಗಿತ್ತು."

ಕಾಲಾವಕಾಶ ಅಂತ ನಾವು ಕೊಡುತ್ತಿದ್ದದ್ದು ಏನು ಅಂತ ಆಗ ಕಂಡಿತು. ಕೆಲಸ ಹೋದ ವಾರದಲ್ಲಿ ಬಾಗಿಲು ತಟ್ಟಬೇಕಾದವರು, ಬಾಡಿಗೆ ಹಿಂದಿನ ತಿಂಗಳಿನದಾದ್ದರಿಂದ ಎಷ್ಟೋ ವಾರ ಏನೂ ತಿಳಿಯದೆ ಇರುತ್ತಿದ್ದೆವು. ತಿಳಿದ ಮೇಲೂ ನಿಯಮ ಅಂತ ಸುಮ್ಮನಿರುತ್ತಿದ್ದೆವು. ಆ ಮೌನದೊಳಗೆ ಮನುಷ್ಯರು ಮುಳುಗುತ್ತಿದ್ದರು. ಮುಂಬಾಡಿಗೆ ಇದ್ದಿದ್ದರೆ, ಮೊದಲ ವಾರದಲ್ಲಿ ಅವಳದು ಬರಲಿಲ್ಲ ಅಂದ ಕೂಡಲೇ ನಾನು ಈ ಮೆಟ್ಟಿಲ ಮೇಲಿರುತ್ತಿದ್ದೆ. ಆಗ ಅವಳ ತಲೆಯ ಮೇಲೆ ಇನ್ನೂ ಯಾವ ಭಾರವೂ ಕೂತಿರುತ್ತಿರಲಿಲ್ಲ.

ದೆವ್ವದ ಸುದ್ದಿ ಕಟ್ಟಿದ್ದು ತಾವೇ ಅಂತ ಹೂವಿನಮ್ಮ ಹೇಳಿದರು. ಮಕ್ಕಳು ಕಿಟಕಿಯಲ್ಲಿ ಇಣುಕದಿರಲಿ ಅಂತ ಒಂದು ಮಾತು ಬಿಟ್ಟದ್ದು. ಮಿಕ್ಕಿದ್ದನ್ನು ಜನ ತಾವೇ ಸೇರಿಸಿಕೊಂಡರು, ಸಂಗಮವನ್ನೂ ಸೀರೆಯನ್ನೂ.

"ದಿನಾ ಇವ್ಳಿಗೆ ಅನ್ನ ಕೊಡವಳು ನಾನು," ಅಂದರು. "ಆದ್ರೂ ಕತ್ಲಾದ್ ಮ್ಯಾಲೆ ಆ ಕಿಟಕಿ ಕಡೆ ನೋಡೋಕೆ ನಂಗೇ ಎದೆ ಅದರದು ಕಣವ್ವ. ಅಷ್ಟು ಜನ ಸತ್ಲು ಸತ್ಲು ಅಂದ್ರೆ ಏನಾಯ್ತದೆ ಯೋಳು."

"ಅಮಾಸೆ ದಿನ ನಂಗೆ ದೀಪ ಅಚ್ಚಿದ್ರು," ಅಂದಳು ಆಕೆ. "ಬಾಗ್ಲು ಸಂದಿಯಿಂದ ಬೆಳಕು ಒಳಗೆ ಬತ್ತಿತ್ತು. ಅದ್ರಲ್ಲೂ ಒಸಿ ಕುಚ್ಚು ಕಟ್ಟುದೆ."

ಆಮೇಲೆ ನಾನು ಹಳೆಯ ಬಾಕಿಯ ಮಾತು ಬಿಟ್ಟು, ಮುಂದಿನ ಒಂದು ವಾರದ ಬಾಡಿಗೆ ಕೊಡೋಕಾಗುತ್ತಾ ಅಂತ ಕೇಳಿದೆ. ಅಂಥದ್ದೊಂದು ನಿಯಮ ಇರಲಿಲ್ಲ. ನನಗೆ ಅಲ್ಲಿ, ಆಗ ಹೊಳೆದದ್ದು ಅದು. ಅವಳು ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ಕೊಟ್ಟಳು. ನಾನು ರಸೀದಿ ಬರೆದೆ. ಅವಳು ಅದನ್ನು ಕುಚ್ಚಿನ ಬಣ್ಣ ಹತ್ತಿದ ಬೆರಳಲ್ಲಿ ಹಿಡಿದುಕೊಂಡು ನೋಡಿದಳು.

"ಈ ವಾರ ನಾನು ಅಲ್ಲಿ ಇರ್ಬೋದಾ?"

"ಇರ್ಬೋದು. ನಿನ್ನದೇ."

ಕಾರ್ಯದರ್ಶಿ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ರಸೀದಿ ನೋಡಿ ಸಿಟ್ಟಾದರು. ಒಬ್ಬರಿಗೆ ಒಂದು ನಿಯಮ ಅಂತ ಮಾಡೋಕಾಗಲ್ಲ ಅಂದರು. ಮಹಜರು ರದ್ದು ಮಾಡಿದ್ದಕ್ಕೆ ನನ್ನಿಂದ ವಿವರಣೆ ಬರೆಸಿಕೊಂಡರು.

"ನೀವು ಹೇಳಿದ ಮುಂಬಾಡಿಗೆಯೇ ಸರಿ ಸಾರ್, ನಾನು ಅದಕ್ಕೆ ವಿರುದ್ಧ ಇದ್ದೆ, ಈಗಿಲ್ಲ," ಅಂದೆ. "ಆದರೆ ಎಲ್ಲರಿಗೂ ಮಾಡಿ. ತಿಂಗಳಿಗೆ ಕೊಡೋಕಾಗದವರು ವಾರಕ್ಕೆ ಕೊಡಲಿ. ಹಳೇ ಬಾಕಿ ಬೇರೆ ಇಡಿ. ಬರಲಿಲ್ಲ ಅಂದರೆ ಮೊದಲನೇ ವಾರದಲ್ಲಿ ನೋಟಿಸು ಹೋಗೋದು ಬೇಡ, ನಾನು ಹೋಗ್ತೀನಿ."

"ಹೋಗಿ ಏನು ಮಾಡ್ತೀಯಮ್ಮ?"

"ಏನಾಯ್ತು ಅಂತ ಕೇಳ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆರು ತಿಂಗಳು ನೋಡೋಣ ಅಂದರು.

ನರಸೀಪುರದ ಕಾಲೋನಿಯ ನೀರಿನ ಟ್ಯಾಂಕಿನ ಕೆಳಗೆ ಸಭೆ ಸೇರಿಸಿದೆ, ಕಾರ್ಯದರ್ಶಿಯೂ ಬಂದಿದ್ದರು. ಆಕೆಯೂ ಬರಬೇಕು ಅಂತ ಹೂವಿನಮ್ಮ ಹಟ ಹಿಡಿದು ಕರೆತಂದರು. ಅವಳು ಬಂದು ಕೂತಾಗ ಯಾರೂ ಕೂಗಲಿಲ್ಲ, ಯಾರೂ ಏಳಲಿಲ್ಲ. ಆದರೆ ಸುತ್ತಲಿನವರು ಒಂದಿಷ್ಟು ಹಿಂದಕ್ಕೆ ಸರಿದರು. ಅವಳ ಸುತ್ತ ಒಂದು ಚಾಪೆಯಷ್ಟು ಜಾಗ ಖಾಲಿಯಾಯಿತು. ಮಗು ಎತ್ತಿಕೊಂಡಿದ್ದ ಒಬ್ಬಳು ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು. ವಿಷಯ ಎಲ್ಲರಿಗೂ ಆಗಲೇ ಗೊತ್ತಿತ್ತು, ಆದರೂ ಒಬ್ಬ ಮುದುಕ ಅವಳ ಪಾದವನ್ನೇ ನೋಡುತ್ತಿದ್ದ.

ನಾನು ಹೇಳುವುದನ್ನೆಲ್ಲ ಹೇಳಿದೆ. ಗೊಣಗಾಟ ಎದ್ದಿತು. ಒಂದು ತಿಂಗಳು ಎರಡು ಬಾಡಿಗೆ ಬೀಳುತ್ತದೆ ಅಂದರು. ಅದು ನಿಜವಾಗಿತ್ತು. ಆ ಹೆಚ್ಚಿನ ತಿಂಗಳನ್ನು ವರ್ಷದುದ್ದಕ್ಕೂ ಹಂಚುವುದು ಅಂತ ತೀರ್ಮಾನವಾಯಿತು. "ಕೂಲಿಗಿಂತ ಮುಂಚೆ ಎಲ್ಲಿಂದ ತರಾನ ಸಾ?" ಅಂತ ಗಾರೆ ಕೆಲಸದವನೊಬ್ಬ ಕಾರ್ಯದರ್ಶಿಯ ಕಡೆ ತಿರುಗಿ ಕೇಳಿದ. ಅವರು ಬಸ್ಸಿನ ಟಿಕೆಟ್ಟಿನ ಮಾತು ತೆಗೆಯುವ ಮೊದಲೇ ಆಕೆ ಮಾತಾಡಿದಳು. ಅದೇ ಗಾಳಿಯ ದನಿ. ಕೇಳಿಸಿಕೊಳ್ಳಲು ಎಲ್ಲರೂ ಬಾಯಿ ಮುಚ್ಚಬೇಕಾಯಿತು.

"ಕಳ್ದ ತಿಂಗ್ಳ ಬಾಕಿ ಇದ್ರೆ, ಆಗೋದ ದಿನಕ್ಕೇ ದುಡೀತಾ ಇರ್ಬೇಕು. ಆ ದಿನ ವಾಪಸ್ ಬರಾಕಿಲ್ಲ. ಮುಂದ್ಲ ವಾರದ್ದು ಕೊಟ್ರೆ ಆ ವಾರ ತಲೆ ಎತ್ಕಂಡು ಇರ್ಬೋದು. ಒಂದೇ ವಾರ ಆದ್ರೂವೆ."

ಗಾರೆಯವನು ಅವಳನ್ನು ನೋಡಲಿಲ್ಲ, ಆದರೆ ತಲೆಯಾಡಿಸಿದ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಎರಡು ಮನೆಯವರು ಮುಂಬಾಡಿಗೆ ಆಗದು ಅಂತ ಬಿಟ್ಟು ಹೋದರು. ಆದರೆ ಅವರು ಹಗಲಿನಲ್ಲಿ, ಹೇಳಿ ಹೋದರು. ಆಕೆ ವಾರ ವಾರ ಕಟ್ಟಿಕೊಂಡು ಅದೇ ಮನೆಯಲ್ಲಿದ್ದಾಳೆ. ದನಿ ಪೂರ್ತಿ ಬಂದಿಲ್ಲ. ಕಾಲೋನಿಯವರು ಈಗಲೂ ಅವಳ ಬಗ್ಗೆ ಮಾತಾಡುವಾಗ, ಅಲ್ಲೇ ಎದುರಿಗಿದ್ದರೂ, "ಒಳ್ಳೇ ಎಣ್ಣು, ಪಾಪ, ಚೆನ್ನಾಗಿ ಒಲೀತಿದ್ಲು" ಅನ್ನುತ್ತಾರೆ. ಅದು ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ.

ಹೊಸ ಪದ್ಧತಿ ಬಂದ ಸ್ವಲ್ಪ ಸಮಯದಲ್ಲೇ ನಂಜನಗೂಡಿನ ಕಾಲೋನಿಯಲ್ಲಿ ಒಂದು ಮನೆಯಿಂದ ಮೊದಲ ವಾರ ಬಾಡಿಗೆ ಬರಲಿಲ್ಲ. ಗೋಡೌನಿನಲ್ಲಿ ಮೂಟೆ ಹೊರುವವನ ಮನೆ. ಫೋನು ಮಾಡಿದರೆ ಎತ್ತಲಿಲ್ಲ. ಬೆಳಿಗ್ಗೆ ಹೊತ್ತಿಗೆ ಹೋದೆ. ಬಾಗಿಲು ಮುಚ್ಚಿತ್ತು, ಕಿಟಕಿಯೂ ಮುಚ್ಚಿತ್ತು. ಅಂಗೈ ಎತ್ತಿದವಳು ಬಾಗಿಲಿಗೆ ತಾಗಿಸಲು ಒಂದು ಗಳಿಗೆ ಹಿಂಜರಿದೆ. ಆಮೇಲೆ ತಟ್ಟಿದೆ.

"ಯಾರು?" ಅಂತ ಒಳಗಿನಿಂದ ಹೆಂಗಸಿನ ದನಿ ಕೇಳಿತು. ದೊಡ್ಡ ದನಿ.

ಬಾಗಿಲು ತೆಗೆದದ್ದು ಅವನ ಹೆಂಡತಿ. ಅವನು ಗೋಡೆಗೆ ಒರಗಿ ಕೂತಿದ್ದ, ಸೊಂಟಕ್ಕೆ ಪಟ್ಟಿ ಬಿಗಿದಿದ್ದರು. ಬಾಗಿಲ ಪಕ್ಕದಲ್ಲಿ ಹಾಸಿಗೆ, ಚಾಪೆ, ಪಾತ್ರೆ ಎಲ್ಲ ಹಗ್ಗ ಬಿಗಿದು ತಯಾರಾಗಿತ್ತು. ನಾನು ಅದನ್ನು ನೋಡಿದ್ದನ್ನು ಆಕೆ ನೋಡಿದಳು.

"ಏನಾಯ್ತು?" ಅಂದೆ.

ಅವಳು ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಅವಳೇ ಬಾಯಿ ತೆರೆದು, ಹೇಳಲು ಹೋಗಿ ತಡೆದು, "ಅಂಗೇ ನಿಂತೇ ಇದ್ದೀರಲ್ಲ," ಅಂದಳು. ಕುಕ್ಕರಗಾಲಲ್ಲಿ ಕೂತು, ಬಿಗಿದ ಗಂಟನ್ನು ಹಲ್ಲಿನಿಂದ ಸಡಿಲ ಮಾಡಿ ಹಗ್ಗ ಬಿಚ್ಚಿದಳು. ಕಟ್ಟಿನೊಳಗಿನಿಂದ ಚಾಪೆ ಎಳೆದು ನನಗೆ ಹಾಸಿದಳು.